ಒಂದು ಕಾಪಿ ಇಟ್ಕೋ

ಪಕ್ಕದ ಮನೆ ಹುಡುಗಿ ಮಿಲಿಟರಿ ಪೊಲೀಸ್‌ಗೆ ಸೆಲೆಕ್ಟ್ ಆಗಿದ್ದಾಳೆ. ಟ್ರೈನಿಂಗು ಬೆಂಗಳೂರಿನಲ್ಲೇ. 2021ರ ಮೇ ತಿಂಗಳಲ್ಲಿ ಹೆಣ್ಣುಮಕ್ಕಳ ಮೊದಲ ತಂಡ, 83 ಜನ, ತರಬೇತಿ ಮುಗಿಸಿ ಹೊರಬಂದ ಸೆಂಟರು ಅದು. ಅವಳಮ್ಮ ಮೈಸೂರ್ ಪಾಕ್ ಕೊಟ್ಟು, ದನಿ ತಗ್ಗಿಸಿ ಕೇಳಿದರು: "ಕಳಿಸಬಹುದಾ ಮೇಡಂ? ನೀವು ಅಲ್ಲಿ ಇದ್ದು ಬಂದವರು."

ಸೈನ್ಯದಲ್ಲಿ ಅಧಿಕಾರಿಯಾಗಿ ಹದಿನಾಲ್ಕು ವರ್ಷ ಇದ್ದೆ. 1998ರಲ್ಲಿ ಸೇರಿ 2012ರಲ್ಲಿ ಬಂದೆ.

ಮೂರನೇ ವರ್ಷ. ಮೆಸ್ಸಿನಲ್ಲಿ ಪಾರ್ಟಿ. ಮೇಲಧಿಕಾರಿಯೊಬ್ಬ ಕಾರಿಡಾರಿನಲ್ಲಿ ದಾರಿಗೆ ಅಡ್ಡ ನಿಂತು ಸೊಂಟಕ್ಕೆ ಕೈ ಹಾಕಿದ. ತಳ್ಳಿ ಓಡಿದೆ. ರಾತ್ರಿಯೆಲ್ಲ ಕೂತು ದೂರು ಬರೆದೆ, ಒಂದೂವರೆ ಪುಟ. ಬೆಳಿಗ್ಗೆ ಯೂನಿಟ್ಟಿನ ಮುಖ್ಯಸ್ಥ ಸಿಓ ಮುಂದೆ ಇಟ್ಟೆ. ಅವರು ಓದಿದರು, ಮಡಿಸಿದರು, ಮೇಲೆ ಪೇಪರ್‌ವೇಟ್ ಇಟ್ಟರು. "ಬೇಟಾ, ಯೂನಿಟ್ಟಿನ ಮರ್ಯಾದೆ ನೋಡು" ಅಂದರು. ಬೈಯಲಿಲ್ಲ. ಟೀ ತರಿಸಿದರು. ಟೀ ಕುಡಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನನ್ನ ವರ್ಷದ ಗುಪ್ತ ವರದಿ ಬರೆಯುವವರೂ ಇವರೇ. ಐದು ವರ್ಷ ಮುಗಿದಾಗ ನನ್ನನ್ನು ಮುಂದುವರಿಸಬೇಕೋ ಬೇಡವೋ ಅಂತ ನೋಡುವುದು ಅದನ್ನೇ. ಹಾಳೆ ವಾಪಸ್ ತಗೊಂಡೆ. ಸ್ಟೋರಿನ ಹಿಂದೆ ಸುಟ್ಟೆ.

ಅವನಿಗೆ ಪ್ರಮೋಷನ್ ಆಯಿತು. ನನಗೆ ಹದಿನಾಲ್ಕಕ್ಕೆ ಮುಗಿಯಿತು. ಹೆಂಗಸರಿಗೂ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿ ವಯಸ್ಸಿನವರೆಗೂ ಸೇವೆ, ಕೊಡಿ ಅಂತ ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಹತ್ತು ವರ್ಷ ಎಳೆಯಿತು. ಜವಾನರು ಜಾಸ್ತಿ ಹಳ್ಳಿಯವರು, ಹೆಂಗಸಿನ ಕೈಕೆಳಗೆ ಕೆಲಸ ಮಾಡಲು ಅವರ ಮನಸ್ಸು ಒಪ್ಪುವುದಿಲ್ಲ ಅಂತ ಅಲ್ಲಿ ವಾದ. ನನ್ನ ಡಿಪೋದಲ್ಲಿ ಹಳ್ಳಿ ಹುಡುಗರೇ ಇದ್ದರು. ಒಬ್ಬನೂ ಒಂದು ದಿನ ಎದುರಾಡಲಿಲ್ಲ. ಸೊಂಟಕ್ಕೆ ಕೈ ಹಾಕಿದವನು ಜವಾನ ಅಲ್ಲ.

2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿತು. ಮರುವರ್ಷ ಮಾರ್ಚಿನಲ್ಲಿ ಇನ್ನೊಂದು ತೀರ್ಪು ಬಂತು. ಅದನ್ನು ಓದುವಾಗ ಕೈ ನಡುಗಿತು. ಹೆಣ್ಣುಮಕ್ಕಳಿಗೆ ಹೇಗೂ ಮುಂದೆ ದಾರಿ ಇಲ್ಲ ಅಂತ ಅವರ ವರದಿಗಳನ್ನು ಅಸಡ್ಡೆಯಿಂದ ಬರೆದಿದ್ದರು ಅಂತ ಅದರಲ್ಲಿದೆ. ಸುಮ್ನೆ ಗೀಚಿದ ಆ ವರದಿಗೆ ಹೆದರಿ ನಾನು ಬಾಯಿ ಮುಚ್ಚಿಕೊಂಡಿದ್ದೆ.

"ಕಳಿಸಿ" ಅಂದೆ. ಆಮೇಲೆ ಹುಡುಗಿಯನ್ನು ಒಳಗೆ ಕರೆದೆ. "ಏನಾದ್ರೂ ಆದ್ರೆ ಅವತ್ತೇ ಬರಿ, ಮಗಳೇ. ತಾರೀಖು, ಟೈಮು, ಯಾರ್ಯಾರಿದ್ರು, ಎಲ್ಲ. ಕೊಡೋಕೆ ಮೊದಲು ಒಂದು ಕಾಪಿ ಅಮ್ಮನಿಗೆ ಪೋಸ್ಟ್ ಮಾಡು. ಟೀ ಕೊಟ್ರೆ ಕುಡಿ. ಹಾಳೆ ಮಾತ್ರ ವಾಪಸ್ ತಗೋಬೇಡ."