ಗೆದ್ದಿದ್ದು ಇವರೇ ತಾನೇ?

ಶನಿವಾರ (2023ರ ಸೆಪ್ಟೆಂಬರ್ 23) ರಾತ್ರಿಯಿಂದ ಆ ವಿಡಿಯೊವನ್ನು ಕಡಿಮೆ ಅಂದರೂ ಇಪ್ಪತ್ತು ಸಲ ನೋಡಿದ್ದೇನೆ. ಒಂದು ನಿಮಿಷದ್ದೂ ಇಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನೋಟರ್ ಡೇಮ್ ಕಾಲೇಜನ್ನು ಆಗಷ್ಟೇ ಸೋಲಿಸಿದ ನಮ್ಮ ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಕೋಚ್ ರಯಾನ್ ಡೇ ಮೈದಾನದಲ್ಲೇ ನಿಂತು ಮೈಕಿಗೆ ಕಿರುಚುತ್ತಿದ್ದಾರೆ. "ಲೂ ಹೋಲ್ಟ್ಸ್ ಈಗ ಎಲ್ಲಿದ್ದಾರೆ ಅಂತ ನನಗೆ ಗೊತ್ತಾಗಬೇಕು" ಅಂತಲೇ ಶುರು. ನಮ್ಮ ಟೀಮಿನ ಬಗ್ಗೆ ಅವರು ಆಡಿದ ಮಾತು ನಂಬೋಕೇ ಆಗ್ತಿಲ್ಲ, ನಮ್ಮದು ಗಟ್ಟಿ ಟೀಮು, ನಾವು ಒಹಾಯೊದವರು, ಯಾವಾಗಲೂ ಒಹಾಯೊ ಒಂದು ಕಡೆ, ಇಡೀ ಲೋಕ ಇನ್ನೊಂದು ಕಡೆ. ಹೀಗೆ.

ನಾನು ಸೋಫಾದಿಂದ ಎದ್ದು ಕೂಗಿದೆ. ಗಣೇಶನ ಹಬ್ಬಕ್ಕೆ ಮಾಡಿದ ಚಕ್ಕುಲಿಯ ಡಬ್ಬ ಕಾಲಿಗೆ ತಾಗಿ ಉರುಳಿತು. ಹನ್ನೆರಡು ವರ್ಷದಿಂದ ಒಹಾಯೊ ಸ್ಟೇಟ್ ಇರೋ ಊರು ಕೊಲಂಬಸ್ ಹತ್ತಿರ ಇದ್ದೇವೆ. ಇಲ್ಲಿ ಮ್ಯಾಚಿರೋ ಶನಿವಾರ ಟೀಮಿನ ಕೆಂಪು ಬಟ್ಟೆ ಹಾಕದಿದ್ದರೆ ಹಾಲು ತರೋಕೆ ಹೋದಾಗಲೂ ಜನ ಒಂಥರಾ ನೋಡುತ್ತಾರೆ.

ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದ ಮಾವ ಕೇಳಿದರು. "ಅಳಿಯಂದಿರೇ, ಗೆದ್ದಿದ್ದು ಇವರೇ ತಾನೇ?"

"ಹೌದು ಮಾವ."

"ಮತ್ತೆ ಯಾಕೆ ಬೈತಾ ಇದ್ದಾರೆ?"

ಮಾವ ತಿಪಟೂರಿನ ಕಡೆ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಮೂರು ತಿಂಗಳಿಗೆ ಅಂತ ಬಂದಿದ್ದಾರೆ. ಈ ಆಟ ಅವರಿಗೆ ಅರ್ಥ ಆಗಲ್ಲ ಅಂತ ನಾನು ಅಂದುಕೊಂಡಿದ್ದೆ. ನನಗಿಂತ ಚೆನ್ನಾಗಿ ನೋಡುತ್ತಾರೆ ಅನ್ನೋದು ಆಮೇಲೆ ಗೊತ್ತಾಯಿತು.

ವಿವರಿಸಿದೆ. ಲೂ ಹೋಲ್ಟ್ಸ್ ಅಂದರೆ ನೋಟರ್ ಡೇಮ್‌ನ ಹಳೇ ಕೋಚ್. 1988ರಲ್ಲಿ ಆ ಕಾಲೇಜಿಗೆ ರಾಷ್ಟ್ರೀಯ ಪ್ರಶಸ್ತಿ ತಂದವರು. ಮ್ಯಾಚಿನ ಹಿಂದಿನ ದಿನ ಪ್ಯಾಟ್ ಮ್ಯಾಕಫೀ ಶೋ ಅನ್ನೋ ಕ್ರೀಡಾ ಹರಟೆಯ ಕಾರ್ಯಕ್ರಮದಲ್ಲಿ ಅವರು ಹೇಳಿದ್ದು ಇಷ್ಟು: ಡೇ ಅಲಬಾಮಾಗೆ ಸೋತಿದ್ದಾರೆ, ಜಾರ್ಜಿಯಾಗೆ ಸೋತಿದ್ದಾರೆ, ಕ್ಲೆಮ್ಸನ್‌ಗೆ ಸೋತಿದ್ದಾರೆ, ಮಿಷಿಗನ್‌ಗೆ ಎರಡು ಸಲ ಸೋತಿದ್ದಾರೆ. ಸೋಲಿಸಿದವರೆಲ್ಲ ಮೈಬಲದಲ್ಲಿ ಒಹಾಯೊಗಿಂತ ಗಟ್ಟಿ ಇದ್ದವರೇ.

"ಸೋತಿದ್ದು ನಿಜವಾ?"

"ನಿಜ."

"ಅವರಿಗೆ ಎಷ್ಟು ವಯಸ್ಸು?"

"86."

ಮಾವ ನಕ್ಕರು. ನನಗೆ ಸ್ವಲ್ಪ ಉರಿಯಿತು. ಬದ್ಧ ಎದುರಾಳಿ ಮಿಷಿಗನ್‌ಗೆ ಎರಡು ಸಲ ಸೋತಿದ್ದು ಅಂದರೆ ಈ ಊರಲ್ಲಿ ಸಣ್ಣ ಮಾತಲ್ಲ. ಆ ಮ್ಯಾಚಿನ ವಾರ ಯೂನಿವರ್ಸಿಟಿಯ ಬೋರ್ಡುಗಳಲ್ಲಿರೋ ಎಮ್ ಅಕ್ಷರದ ಮೇಲೆಲ್ಲ ಕೆಂಪು ಟೇಪಿನಲ್ಲಿ ಅಡ್ಡಗೆರೆ ಹೊಡೆಯುತ್ತಾರೆ. ಹುಡುಗಾಟ ಅಂದುಕೊಳ್ಳಬೇಡಿ, ಎಲ್ಲರೂ ಗಂಭೀರವಾಗಿಯೇ ಮಾಡುತ್ತಾರೆ. ವರ್ಷಕ್ಕೆ 90 ಲಕ್ಷ ಡಾಲರ್‌ಗೂ ಜಾಸ್ತಿ ಸಂಬಳ ತಗೊಳ್ಳೋ ಕೋಚ್‌ಗೆ ಈ ಊರು ಏನೇನು ಅಂದಿದೆ ಅಂತ ನನಗೆ ಗೊತ್ತು. ನಾನೂ ಅಂದಿದ್ದೇನೆ. ಹಾಗಾಗಿ ಡೇ ಕಿರುಚಿದ್ದು ಬರೀ ಅಜ್ಜನ ಮೇಲಲ್ಲ, ನನ್ನಂಥವರ ಮೇಲೂ ಇರಬೇಕು. ಆದರೆ ನಮ್ಮ ಹೆಸರು ಟಿವಿಯಲ್ಲಿ ಹೇಳೋಕಾಗಲ್ಲ ಅಲ್ವಾ? ಅಜ್ಜ ಸಿಕ್ಕರು.

ತಮಾಷೆ ಏನು ಗೊತ್ತಾ? "ನಾವು ಒಹಾಯೊದವರು" ಅಂದ ಡೇ ಹುಟ್ಟಿ ಬೆಳೆದಿದ್ದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಅಪ್ಪಟ ಒಹಾಯೊದವರು ಆ ರಾತ್ರಿ ಸೋತ ಕಡೆ ನಿಂತಿದ್ದರು. ನೋಟರ್ ಡೇಮ್ ಕೋಚ್ ಮಾರ್ಕಸ್ ಫ್ರೀಮನ್ ಡೇಟನ್ ಹತ್ತಿರದ ಹುಡುಗ, ಒಹಾಯೊ ಸ್ಟೇಟ್‌ಗೇ ಆಡಿದವರು. ಇನ್ನು ಹೋಲ್ಟ್ಸ್? ಅವರೂ 1968ರಲ್ಲಿ ಇಲ್ಲೇ ವುಡಿ ಹೇಯ್ಸ್ ಕೈಕೆಳಗೆ ಸಹಾಯಕ ಕೋಚ್ ಆಗಿದ್ದರು. ಅಂದರೆ ಇದು ಲೋಕದ ಜೊತೆ ಜಗಳ ಅಲ್ಲ, ಮನೆಯೊಳಗಿನ ಜಗಳ.

ವುಡಿ ಹೇಯ್ಸ್ ಹೆಸರು ಬಂದಿದ್ದಕ್ಕೆ ಹೇಳುತ್ತೇನೆ. 1978ರ ಗೇಟರ್ ಬೌಲ್ ಅನ್ನೋ ಮ್ಯಾಚಿನಲ್ಲಿ ಸೋಲು ಹತ್ತಿರ ಬಂದಾಗ ಆ ಮಹಾಶಯರು ಚೆಂಡು ಹಿಡಿದ ಕ್ಲೆಮ್ಸನ್ ಹುಡುಗನಿಗೆ ಗುದ್ದಿಯೇಬಿಟ್ಟರು. ಮಾರನೇ ದಿನವೇ ಕೆಲಸ ಹೋಯಿತು. ಆದರೂ ನಮ್ಮ ಸ್ಟೇಡಿಯಂ ಮುಂದಿನ ರಸ್ತೆಗೆ ಇವತ್ತಿಗೂ ಅವರದೇ ಹೆಸರು. ಅದಕ್ಕೆ ಹೋಲಿಸಿದರೆ ಡೇ ಬಾಯಿ ಮಾತಿನಲ್ಲಿ ಮುಗಿಸಿದರು, ಪುಣ್ಯ.

ಸೋತ ಸಂಕಟಕ್ಕೆ ಗುದ್ದಿದ್ದು ತಪ್ಪಾದರೂ ಅರ್ಥ ಆಗುತ್ತದೆ. ಗೆದ್ದ ಮೇಲೂ ಕಿರುಚೋದು ಯಾಕೆ ಅಂತ ಮಾವನ ಪ್ರಶ್ನೆ ಹಿಡಿದುಕೊಂಡು ಹುಡುಕಿದರೆ ಡೇ ಒಬ್ಬರೇ ಅಲ್ಲ. 2007ರಲ್ಲಿ ಒಕ್ಲಹೋಮಾ ಸ್ಟೇಟ್‌ನ ಕೋಚ್ ಮೈಕ್ ಗಂಡಿ "ನಾನು ಗಂಡಸು! ನನಗೆ 40 ವರ್ಷ!" ಅಂತ ಪತ್ರಿಕಾಗೋಷ್ಠಿಯಲ್ಲಿ ಕೂಗಾಡಿದ್ದು ನೆನಪಿದೆಯಾ? ಹೆಸರಿಗೆ ತಕ್ಕ ಮಾತು ಅಂತ ನಾವು ಆಗ ನಕ್ಕಿದ್ದೆವು. ಅವತ್ತು ಅವರ ಟೀಮು 49–45ರಲ್ಲಿ ಗೆದ್ದಿತ್ತು! ತಮ್ಮ ಆಟಗಾರನೊಬ್ಬನನ್ನು ಪತ್ರಿಕೆಯವರು ಟೀಕಿಸಿ ಬರೆದರು ಅನ್ನೋ ಸಿಟ್ಟು, ಗೆದ್ದ ಮೇಲೆ ಹೊರಗೆ ಬಂತು. ಸೋತವನು ಕೂಗಿದರೆ ನೆಪ ಹೇಳುತ್ತಾನೆ ಅನ್ನುತ್ತಾರೆ. ಗೆದ್ದವನಿಗೆ ಆ ಭಯ ಇಲ್ಲ. ಬಾಯಿಯ ಕಟ್ಟು ಬಿಚ್ಚಿಕೊಳ್ಳುತ್ತದೆ.

ಟಿವಿಯವರದೂ ತಪ್ಪಿದೆ. ಸೋತ ಕೋಚ್ ಒಳಗೆ ಹೋಗಿ, ನೀರು ಕುಡಿದು, ಹುಡುಗರ ಜೊತೆ ಮಾತಾಡಿ ಆಮೇಲೆ ಪತ್ರಕರ್ತರ ಮುಂದೆ ಬರುತ್ತಾರೆ. ಗೆದ್ದವರ ಬಾಯಿಗೆ ಮಾತ್ರ ಮೈದಾನದಲ್ಲೇ ಮೈಕ್ ಹಿಡಿಯುತ್ತಾರೆ. ಎದೆ ಇನ್ನೂ ಡವಡವ ಅನ್ನುತ್ತಿರುತ್ತದೆ. ಕೊನೆಯ ಒಂದು ಸೆಕೆಂಡ್ ಉಳಿದಾಗ ನಮ್ಮ ಚಿಪ್ ಟ್ರಯಾನಮ್ ಗೋಲಿನ ಗೆರೆಗೆ ಉಳಿದಿದ್ದ ಒಂದು ಗಜ ನುಗ್ಗಿ 17–14 ಮಾಡಿದ್ದಾನೆ. ಆ ಹೊತ್ತಲ್ಲಿ ಯಾರ ಬಾಯಿಂದ ಒಳ್ಳೆ ಮಾತು ಬರುತ್ತದೆ?

ಇದನ್ನು ಮಾವನಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. "ನಾನು ವಾಲಿಬಾಲ್ ಮ್ಯಾಚ್ ಗೆದ್ದ ತಕ್ಷಣ ಹುಡುಗರಿಗೆ ಮೊದಲು ನೆಟ್ ಬಿಚ್ಚಿ ಅಂತಿದ್ದೆ" ಅಂದರು. "ನೆಟ್ ಬಿಚ್ಚಿ, ಸುತ್ತಿ, ಕಂಬ ತಂದು ರೂಮಿಗೆ ಇಡೋ ಹೊತ್ತಿಗೆ ಅರ್ಧ ಇಳಿದಿರೋದು. ಆಮೇಲೆ ಕೂಗಾಡಿಕೊಳ್ಳಲಿ."

"ಹುಡುಗರಿಗೆ ಬೇಜಾರಾಗ್ತಿರಲಿಲ್ವಾ?"

"ಆಗ್ತಿತ್ತು. ನನಗೂ ಆಗ್ತಿತ್ತು."

ಮ್ಯಾಚಾದ ಮೇಲೆ ಫ್ರೀಮನ್ ಮಾತಾಡಿದ್ದನ್ನೂ ಭಾನುವಾರ ಬೆಳಿಗ್ಗೆ ಹಾಕಿ ತೋರಿಸಿದೆ. ಮ್ಯಾಚಿನ ಕೊನೆಯ ಎರಡು ಸಲ ಚೆಂಡು ಆಟಕ್ಕೆ ಬಂದಾಗ ಅವರ ಕಡೆ ಮೈದಾನದಲ್ಲಿ 11 ಜನ ಇರಬೇಕಿತ್ತು, 10 ಜನ ಇದ್ದರು. 70 ಸಾವಿರಕ್ಕೂ ಹೆಚ್ಚು ಜನ ತುಂಬಿದ ಸ್ಟೇಡಿಯಂ, ರಾಷ್ಟ್ರೀಯ ಟಿವಿ, ಲೆಕ್ಕ ತಪ್ಪಿದ್ದು ಒಂದು ತಲೆ. ಆಟ ನಿಲ್ಲಿಸಿ ಸರಿಮಾಡಿಕೊಳ್ಳೋಕೆ ಅವರಿಗೆ ಟೈಮ್‌ಔಟ್ ಒಂದೂ ಉಳಿದಿರಲಿಲ್ಲ. ಇನ್ನೊಬ್ಬನನ್ನು ಕಳಿಸೋಕೆ ಹೋದರು, ಪೆನಾಲ್ಟಿ ಬೀಳುತ್ತದೆ ಅಂತ ಬೇಡ ಅಂದರು. ಗೆರೆ ಅಷ್ಟು ಹತ್ತಿರ ಇರುವಾಗ ಪೆನಾಲ್ಟಿ ಅಂದರೆ ಅರ್ಧ ಗಜ! ನಮ್ಮ ಆಫೀಸಿನಲ್ಲಿ ಸೋಮವಾರ ಪೂರ್ತಿ ಇದೇ ನಗು. ಒಬ್ಬ ಮೀಟಿಂಗಿಗೆ ಬಂದವರನ್ನು ಎಣಿಸಿ "ಹನ್ನೊಂದು ಇದ್ದೀವಾ?" ಅಂದ. ನಾನೂ ನಕ್ಕೆ.

ಫ್ರೀಮನ್ ಮಾತ್ರ ಯಾರ ಹೆಸರನ್ನೂ ಎತ್ತಲಿಲ್ಲ. ತಪ್ಪು ನಮ್ಮದು, ನಾವು ಇನ್ನೂ ಚೆನ್ನಾಗಿ ಮಾಡಬೇಕಿತ್ತು ಅಂದರು, ಅಷ್ಟೇ. ಆ ವಿಡಿಯೊವನ್ನು ನಾನು ಒಂದೇ ಸಲ ನೋಡಿದ್ದು. ಅದರಲ್ಲಿ ಮತ್ತೆ ಮತ್ತೆ ನೋಡುವಂಥದ್ದು ಏನೂ ಇಲ್ಲ. ಯಾರೂ ಕಿರುಚಲ್ಲ.

ಮಾವ ಅದನ್ನೇ ಇನ್ನೊಂದು ಸಲ ಹಾಕಿ ಅಂದರು. ಭಾಷೆ ಪೂರ್ತಿ ಅರ್ಥ ಆಗಲ್ಲ, ಮುಖ ನೋಡುತ್ತಾರೆ. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು. "ಆ ಹನ್ನೊಂದನೇ ಹುಡುಗ ರಾತ್ರಿ ಊಟ ಮಾಡಿದನೋ ಇಲ್ವೋ?"