ಸತ್ತವಳ ಮೇಲೆ ಹೊರಿಸಿದ ಸುಳ್ಳು

ಕಳೆದ ಭಾನುವಾರ ಬೆಳಿಗ್ಗೆ ಹಿಡಿದ ಸಸ್ಪೆನ್ಸ್ ಕಾದಂಬರಿಯನ್ನು ರಾತ್ರಿ ಮುಗಿಸಿಯೇ ಮಲಗಿದೆ. ರಾತ್ರಿ ಹೊತ್ತು ಒಂದು ಕಾರು ಅಪಘಾತ ಆಗುತ್ತದೆ. ಅಕ್ಕ ಸಾಯುತ್ತಾಳೆ, ತಮ್ಮ ಬದುಕುತ್ತಾನೆ. ಕಾರು ಓಡಿಸಿದ್ದು ತಮ್ಮ. ಆದರೆ ತಾಯಿ ಪೊಲೀಸರಿಗೆ ಮಗಳೇ ಓಡಿಸುತ್ತಿದ್ದಳು ಅನ್ನುತ್ತಾಳೆ. ಇದ್ದ ಒಬ್ಬ ಮಗನಾದರೂ ಉಳಿಯಲಿ ಅಂತ.

ಈ ಸುಳ್ಳನ್ನು ಲೇಖಕಿ ಶುರುವಿನಲ್ಲೇ ನಮಗೆ ಹೇಳಿಬಿಡುತ್ತಾರೆ. ಗುಟ್ಟು ಹೊರಬಿದ್ದ ಮೇಲೆ ಇನ್ನೇನು ಉಳಿಯಿತು ಅನ್ನಿಸಬೇಕು, ಅಲ್ವಾ? ನನಗೆ ಅಲ್ಲಿಂದಲೇ ಪುಸ್ತಕ ಕೆಳಗಿಡಲು ಆಗಲಿಲ್ಲ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಇದನ್ನು ಚೆನ್ನಾಗಿ ವಿವರಿಸಿದ್ದರು. ಮೇಜಿನ ಕೆಳಗಿನ ಬಾಂಬ್ ದಿಢೀರನೆ ಸಿಡಿದರೆ ನೋಡುವವರು 15 ಸೆಕೆಂಡು ಬೆಚ್ಚಿಬೀಳುತ್ತಾರೆ. ಬಾಂಬ್ ಇರೋದು ಮೊದಲೇ ಗೊತ್ತಿದ್ದರೆ 15 ನಿಮಿಷ ಒದ್ದಾಡುತ್ತಾರೆ. ಸಾವಿನ ಮನೆಗೆ ಬಂದವರೊಬ್ಬರು, "ಪಾಪ, ಅವಳಿಗೆ ನಿದ್ದೆ ಬಂದಿತ್ತೇನೋ" ಅಂದಾಗ ತಾಯಿ ಸುಮ್ನೆ ತಲೆಯಾಡಿಸುತ್ತಾಳೆ. ಆ ಪುಟದಲ್ಲಿ ನನಗೆ ಉಸಿರು ಕಟ್ಟಿದ ಹಾಗಾಯಿತು.

ತಮ್ಮನ ಭಾಗ ಇನ್ನೂ ಕಷ್ಟ. ತಲೆಗೆ ಪೆಟ್ಟು ಬಿದ್ದವನು, ನೆನಪು ಅರ್ಧಂಬರ್ಧ. ತಾಯಿಯ ಮಾತನ್ನು ಕೇಳಿ ಕೇಳಿ, ಕೊನೆಗೆ ಅಕ್ಕನ ಕೈ ಸ್ಟಿಯರಿಂಗ್ ಮೇಲಿದ್ದದ್ದನ್ನು ತಾನೇ ನೋಡಿದೆ ಅನ್ನುತ್ತಾನೆ. ಮಧ್ಯಾಹ್ನ ಫೋನಿನಲ್ಲಿ ಇದನ್ನು ಹೇಳಿದಾಗ ನನ್ನ ಅಕ್ಕ ಒಪ್ಪಲಿಲ್ಲ. "ಅವನು ನಾಟಕ ಆಡ್ತಿದ್ದಾನೆ ಕಣೇ" ಅಂದಳು.

"ಇಲ್ಲ ಕಣೇ ಅಕ್ಕ, ಅವನು ನಿಜವಾಗಿಯೂ ನಂಬಿದ್ದಾನೆ" ಅಂದೆ. ನನಗೆ ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿತ್ತು. ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿ, ಎಷ್ಟು ವೇಗದಲ್ಲಿ ಡಿಕ್ಕಿಯಾಯಿತು ಅಂತ ಕೆಲವರನ್ನು ಕೇಳಿದರು. ಇನ್ನು ಕೆಲವರನ್ನು ಕೇಳುವಾಗ ನುಚ್ಚುನೂರಾಗುವಂಥ ಜೋರಾದ ಪದ ಬಳಸಿದರು. ಒಂದು ವಾರದ ಮೇಲೆ ಒಡೆದ ಗಾಜು ನೋಡಿದಿರಾ ಅಂತ ವಿಚಾರಿಸಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ಜೋರು ಪದ ಕೇಳಿದ್ದ 50 ಜನರಲ್ಲಿ 16 ಜನ ಹೌದು ಅಂದರು, ಸಾದಾ ಪದ ಕೇಳಿದ್ದ 50ರಲ್ಲಿ 7 ಜನ. ಒಂದು ಪದವೇ ಇಷ್ಟು ಮಾಡಿದರೆ, ಹೆತ್ತ ತಾಯಿ ದಿನಾ ಹೇಳುವ ಮಾತು?

ತಂದೆಯ ಸಾಲದ ಕತೆ ಮಾತ್ರ ಬೇಕಿರಲಿಲ್ಲ. ಅದು ಪುಟ ತುಂಬಿಸೋದಕ್ಕೆ ಬಂದಂತಿದೆ.

ಓದುಗರು ಹೆಚ್ಚಾಗಿ ತಾಯಿಗಾಗಿ ಮರುಗುತ್ತಾರೆ. ನನಗೂ ಮರುಕ ಇದೆ. ಆದರೆ ಅವಳು ಬದುಕಿದ ಮಗನನ್ನು ಕಾಪಾಡಲು, ಉತ್ತರ ಕೊಡಲಾಗದ ಮಗಳ ತಲೆಗೆ ತಪ್ಪು ಕಟ್ಟಿದಳು. ಇಡೀ ಕಾದಂಬರಿಯಲ್ಲಿ ಸತ್ತವಳ ಪರ ನಿಲ್ಲುವುದು ಅವಳ ಗೆಳತಿ ಒಬ್ಬಳೇ. "ಅವಳು ರಾತ್ರಿ ಹೊತ್ತು ಕಾರು ಮುಟ್ಟುತ್ತಲೇ ಇರಲಿಲ್ಲ" ಅಂತ ಎಲ್ಲರ ಎದುರು ಹೇಳುತ್ತಾಳೆ. ಮನೆಯವರು ಬಾಗಿಲು ಹಾಕಿಕೊಂಡರೂ ಮತ್ತೆ ಬಂದು ಹೇಳುತ್ತಾಳೆ. ಈ ಕತೆಯಲ್ಲಿ ನನಗೆ ತುಂಬಾ ಇಷ್ಟವಾದವಳು ಅವಳೇ.