ಭೂಗೋಳದ ಕೋಣೆಯಲ್ಲಿ ಫಿಟ್ಜ್‌ರಾಯ್

ನಮ್ಮ ಕಾಲೇಜಿನ ಭೂಗೋಳ ವಿಭಾಗದಲ್ಲಿ ವಾಯುಭಾರಮಾಪಕದ (ಬ್ಯಾರೋಮೀಟರ್) ಪ್ರಯೋಗ ಅಂದರೆ ಅದು ರಾಬರ್ಟ್ ಫಿಟ್ಜ್‌ರಾಯ್‌ನ ಪಾಠವೂ ಹೌದು. 'ಡಾರ್ವಿನ್‌ನನ್ನು ಹಡಗಿನಲ್ಲಿ ಕರೆದೊಯ್ದ ಕಪ್ತಾನ' ಎಂದಷ್ಟೇ ಬರೆದವರಿಗೆ ಮೇಷ್ಟ್ರು ಅರ್ಧ ಅಂಕ ಕೊಡುತ್ತಿದ್ದರು. ಮಿಕ್ಕ ಅರ್ಧ ಅಂಕಕ್ಕೆ ಏನು ಬರೆಯಬೇಕಿತ್ತೋ ಅದನ್ನು, ಆಗಿನ ಟಿಪ್ಪಣಿಗೆ ಆಮೇಲೆ ಓದಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಹುಟ್ಟಿದ್ದು 1805ರ ಜುಲೈ 5, ಇಂಗ್ಲೆಂಡಿನ ಸಫೋಕ್ ಸೀಮೆಯ ಆಂಪ್ಟನ್ ಹಾಲ್‌ನಲ್ಲಿ. ಮನೆತನದ ಹೆಸರಿಗೇ 'ರಾಜನ ಮಗ' ಎಂಬ ಅರ್ಥ. ಎರಡನೇ ಚಾರ್ಲ್ಸ್ ದೊರೆಗೆ ಮದುವೆಯ ಆಚೆ ಹುಟ್ಟಿದ ಮಗನಿಂದ ಬೆಳೆದ ವಂಶ ಅದು. ಅಜ್ಜ ಗ್ರಾಫ್ಟನ್‌ನ ಮೂರನೇ ಡ್ಯೂಕ್, ಒಮ್ಮೆ ಪ್ರಧಾನಿಯಾಗಿದ್ದವ. ಸೋದರಮಾವ ಕ್ಯಾಸಲ್‌ರೇ ವಿದೇಶಾಂಗ ಮಂತ್ರಿ. 1822ರಲ್ಲಿ ತನ್ನ ಕತ್ತು ತಾನೇ ಕೊಯ್ದುಕೊಂಡು ಸತ್ತ. ಹುಡುಗ ಹನ್ನೆರಡನೇ ವಯಸ್ಸಿಗೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜು ಸೇರಿದ. 1824ರ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ಣ ಅಂಕ; ಅದುವರೆಗೆ ಯಾರೂ ಗಳಿಸಿರಲಿಲ್ಲ. ವಂಶದ ಬಲದಿಂದ ಮೇಲೆ ಬಂದ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

1828ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಅಳತೆಯ ಕೆಲಸಕ್ಕಿದ್ದ ಬೀಗಲ್ ಹಡಗಿನ ಕಪ್ತಾನ ಪ್ರಿಂಗಲ್ ಸ್ಟೋಕ್ಸ್ ಗುಂಡು ಹೊಡೆದುಕೊಂಡು ಸತ್ತ. ಆ ಜಾಗಕ್ಕೆ ಬಂದ ಫಿಟ್ಜ್‌ರಾಯ್‌ಗೆ 23 ವರ್ಷ. ಮುಂದಿನ ಜನವರಿಯಲ್ಲೇ ಮಾಲ್ಡೊನಾಡೊ ಬಳಿ 'ಪಾಂಪೆರೊ' ಬಡಿಯಿತು. ಬಯಲುಸೀಮೆಯಿಂದ ನುಗ್ಗುವ ತಣ್ಣನೆಯ ನೈರುತ್ಯ ಬಿರುಗಾಳಿ ಅದು. ಮೊದಲು ಉತ್ತರದ ಬಿಸಿಗಾಳಿ, ವಾಯುಭಾರಮಾಪಕದಲ್ಲಿ ಪಾದರಸದ ಇಳಿತ, ಆಮೇಲೆ ಒಂದೇ ಏಟು. ಪಾದರಸ ಇಳಿದದ್ದು ಕಣ್ಣಿಗೆ ಬಿದ್ದಿತ್ತು, ಹಾಯಿ ಇಳಿಸುವುದು ತಡವಾಯಿತು. ಮೇಲ್ಗೂವೆಗಳು (ಹಾಯಿಕಂಬಗಳ ಮೇಲಿನ ಭಾಗಗಳು) ಮುರಿದವು, ಮೇಲೆ ಹತ್ತಿದ್ದ ಇಬ್ಬರು ಕಡಲಿಗೆ ಬಿದ್ದು ಸತ್ತರು. ಓದಿದ್ದನ್ನು ತಕ್ಷಣ ಆಚರಣೆಗೆ ತರದಿದ್ದರೆ ಯಂತ್ರ ಇದ್ದೂ ಇಲ್ಲದಂತೆ ಎಂಬುದು ಅವನಿಗೆ ತಲೆಗೆ ಹೊಕ್ಕದ್ದು ಅಲ್ಲಿ. ಆಮೇಲೆ ಅವನು ಮಾಡಿದ ಒಳ್ಳೆಯದು, ಕೆಟ್ಟದ್ದು ಎರಡರಲ್ಲೂ ಈ ಆತುರ ಕಾಣುತ್ತದೆ.

ಕೆಟ್ಟದ್ದಕ್ಕೆ ಉದಾಹರಣೆ: ಟಿಯೆರಾ ಡೆಲ್ ಫ್ಯೂಗೊದಲ್ಲಿ ತನ್ನ ದೋಣಿ ಕಳವಾಯಿತೆಂದು ಅಲ್ಲಿನವರನ್ನು ಒತ್ತೆ ಹಿಡಿದು, ಕೊನೆಗೆ ನಾಲ್ವರನ್ನು ಇಂಗ್ಲೆಂಡಿಗೆ ಸಾಗಿಸಿದ. ಒಬ್ಬ ಸಿಡುಬಿನಿಂದ ಸತ್ತ. ಉಳಿದ ಮೂವರನ್ನು ವಾಪಸು ಬಿಡುವ ಹೊಣೆಯೂ ಸೇರಿಕೊಂಡು ಎರಡನೇ ಯಾನ 1831ರ ಡಿಸೆಂಬರ್ 27ರಂದು ಪ್ಲಿಮತ್‌ನಿಂದ ಹೊರಟಿತು. ಡಾರ್ವಿನ್ ಹೋದದ್ದು ಈ ಯಾನದಲ್ಲೇ.

ಆ ಯಾನದ ಕ್ರೋನೋಮೀಟರುಗಳ ವ್ಯವಸ್ಥೆ ಬಗ್ಗೆ ಮೇಷ್ಟ್ರು ಒಂದಿಡೀ ತರಗತಿ ಮಾತಾಡಬಲ್ಲವರಾಗಿದ್ದರು. ಕಡಲಲ್ಲಿ ಹಡಗಿನ ರೇಖಾಂಶ ಲೆಕ್ಕಹಾಕಲು ಬೇಕಾದ ನಿಖರ ಗಡಿಯಾರಗಳು ಅವು. ಒಟ್ಟು 22 ಗಡಿಯಾರ. ಹನ್ನೊಂದು ಸರ್ಕಾರದ್ದು, ಆರು ಫಿಟ್ಜ್‌ರಾಯ್ ಸ್ವಂತ ದುಡ್ಡಿನವು, ಮಿಕ್ಕವು ಎರವಲು. ಒಂದೊಂದೂ ತನ್ನ ಪೆಟ್ಟಿಗೆಯಲ್ಲಿ, ಹಡಗು ಹೇಗೆ ವಾಲಿದರೂ ಸಮತಟ್ಟಾಗಿ ನಿಲ್ಲುವಂತೆ ಜೋಡಿ ಬಳೆಗಳಲ್ಲಿ ತೂಗುಹಾಕಿದ್ದು. ಪೆಟ್ಟಿಗೆಯ ಅಡಿಗೂ ಸುತ್ತಲೂ ಸುಮಾರು ಮೂರು ಅಂಗುಲ ಮರದ ಹೊಟ್ಟು, ಓಡಾಟದ ಅದುರು ತಟ್ಟದಿರಲೆಂದು. ಜಾಗ ಹಡಗಿನ ನಡುಮಧ್ಯೆ, ಕೆಳಗೆ. ಅಲ್ಲಿ ಓಲಾಟ ಕಡಿಮೆ. ಬೆಳಿಗ್ಗೆ ಒಂಬತ್ತಕ್ಕೆ ಕೀಲಿ, ಮಧ್ಯಾಹ್ನ ಒಂದಕ್ಕೊಂದು ತಾಳೆ. ಇದಕ್ಕೆಂದೇ ಸ್ಟೆಬ್ಬಿಂಗ್ ಎಂಬ ಯಂತ್ರಕುಶಲಿಗೆ ಕಪ್ತಾನನೇ ಕೈಯಿಂದ ಸಂಬಳ ಕೊಟ್ಟ. ಇಷ್ಟೊಂದು ಗಡಿಯಾರ ಏಕೆ? ಒಂದೇ ಇದ್ದರೆ ಅದು ತಪ್ಪಿದ್ದು ಗೊತ್ತಾಗುವುದಿಲ್ಲ. ಎರಡಿದ್ದರೆ ಯಾವುದು ತಪ್ಪಿತು ಎಂದು ತಿಳಿಯುವುದಿಲ್ಲ. ಒಂದು ಸೆಕೆಂಡ್ ತಪ್ಪಿದರೆ ಸಮಭಾಜಕದ ಮೇಲೆ ಸುಮಾರು 460 ಮೀಟರ್ ಎಡವಟ್ಟು. ಭೂಮಿ ಸುತ್ತಿ 1836ರ ಅಕ್ಟೋಬರ್ 2ರಂದು ಫಾಲ್ಮತ್ ಸೇರಿದಾಗ ದಾರಿಯುದ್ದಕ್ಕೂ ಅಳೆದ ರೇಖಾಂಶಗಳ ಮೊತ್ತ 24 ಗಂಟೆಗಿಂತ (ಭೂಮಿಯ ಪೂರ್ತಿ ಸುತ್ತಿಗೆ ಸಮನಾದ ಕಾಲ) ಸುಮಾರು 33 ಸೆಕೆಂಡ್ ಹೆಚ್ಚಿತ್ತು, ಅಷ್ಟೆ. ಐದು ವರ್ಷಕ್ಕೆ ಹದಿನೈದು ಕಿಲೋಮೀಟರ್.

ನಡುವೆ 1833ರಲ್ಲಿ ಕೆಲಸ ಬೇಗ ಮುಗಿಯಲೆಂದು 1,300 ಪೌಂಡಿನ ಹತ್ತಿರ ಸ್ವಂತ ಹಣ ಸುರಿದು ಇನ್ನೊಂದು ಹಡಗು ಕೊಂಡ. ನೌಕಾ ಇಲಾಖೆ ಕಾಸು ಕೊಡಲಿಲ್ಲ, ಮರುವರ್ಷ ಮಾರಬೇಕಾಯಿತು. 1835ರಲ್ಲಿ ಚಿಲಿಯ ಭೂಕಂಪದ ನಂತರ ಸಾಂಟಾ ಮರಿಯಾ ದ್ವೀಪದ ದಡ ಎಂಟರಿಂದ ಹತ್ತು ಅಡಿ ಮೇಲೆದ್ದಿದ್ದನ್ನು ಅಳೆದು ದಾಖಲಿಸಿದವನೂ ಇವನೇ.

ರಾಜಕೀಯಕ್ಕೆ ಬಂದದ್ದು 1841ರಲ್ಲಿ, ಡರ್ಹಮ್‌ನಿಂದ ಟೋರಿ ಸದಸ್ಯನಾಗಿ. ಅದೇ ಪಕ್ಷದ ಇನ್ನೊಬ್ಬ ಅಭ್ಯರ್ಥಿಯ ಜೊತೆ ಜಗಳ ಹತ್ತಿ, ಲಂಡನ್ನಿನ ಕ್ಲಬ್ಬೊಂದರ ಮುಂದೆ ಅವನು ಚಾವಟಿ ಬೀಸಿದ, ಇವನು ಛತ್ರಿಯಲ್ಲಿ ಬಾರಿಸಿದ. ಸಂಸತ್ತಿನಲ್ಲಿ ಉಳಿದ ಕೆಲಸ ಒಂದು: ವ್ಯಾಪಾರಿ ಹಡಗು ನಡೆಸುವವರಿಗೆ ಪರೀಕ್ಷೆ, ಅರ್ಹತಾಪತ್ರ ಇರಬೇಕೆಂದು 1842ರಲ್ಲಿ ತಂದ ಮಸೂದೆ. ಅದು ಆಗ ಬಿದ್ದುಹೋಯಿತು. ಅದೇ ಪರೀಕ್ಷೆ 1850ರ ಕಾಯ್ದೆಯಿಂದ ಕಡ್ಡಾಯವಾಯಿತು.

1843ರ ಡಿಸೆಂಬರ್‌ನಲ್ಲಿ ಗವರ್ನರ್ ಆಗಿ ನ್ಯೂಜಿಲೆಂಡಿಗೆ ಬಂದಾಗ ಖಜಾನೆ ಖಾಲಿ, ಸೈನಿಕರು ಬೆರಳೆಣಿಕೆ. ಆರು ತಿಂಗಳ ಹಿಂದಷ್ಟೇ ವೈರಾವುನಲ್ಲಿ ರಕ್ತ ಹರಿದಿತ್ತು. ಕ್ರಯವಾಗದ ನೆಲವನ್ನು ನ್ಯೂಜಿಲೆಂಡ್ ಕಂಪನಿಯವರು ಸರ್ವೆ ಮಾಡಲು ಹೊರಟು, ತಡೆದ ಮಾವೊರಿ (ಅಲ್ಲಿನ ಮೂಲನಿವಾಸಿಗಳ) ನಾಯಕರನ್ನು ಬಂಧಿಸಲು ಆಯುಧ ಹಿಡಿದು ಹೋಗಿ 22 ಬಿಳಿಯರು ಸತ್ತಿದ್ದರು. ಫಿಟ್ಜ್‌ರಾಯ್ 1844ರ ಫೆಬ್ರವರಿಯಲ್ಲಿ ವೈಕನಾಯೆಗೆ ಹೋಗಿ ಮಾವೊರಿ ನಾಯಕ ತೆ ರೌಪರಾಹಾನ ಮಾತು ಕೇಳಿ, ತಪ್ಪು ವಲಸಿಗರದ್ದೇ, ನಾನು ಸೇಡು ತೀರಿಸುವುದಿಲ್ಲ ಎಂದು ಅಲ್ಲೇ ತೀರ್ಪು ಹೇಳಿದ. ತೀರ್ಪು ಸರಿ ಎಂದೇ ನನ್ನ ಎಣಿಕೆ. ವಲಸಿಗರು ಅವನನ್ನು ಕ್ಷಮಿಸಲಿಲ್ಲ.

ಮುಳುಗಿಸಿದ್ದು ಹಣಕಾಸು. ಲಂಡನ್ನಿನ ಆಜ್ಞೆ ಮೀರಿ ಸಾಲಪತ್ರಗಳನ್ನು ಅಚ್ಚುಹಾಕಿಸಿ ನಾಣ್ಯದಂತೆ ಚಲಾವಣೆಗೆ ಬಿಟ್ಟ. ಸುಂಕ ಹೆಚ್ಚೆಂದು ತಿಮಿಂಗಿಲ ಬೇಟೆಯ ಹಡಗುಗಳು ಕೊರೊರಾರೆಕಾ ಬಂದರು ಬಿಟ್ಟುಹೋದವು, ಅಲ್ಲಿನ ಮಾವೊರಿಗಳ ಸಂಪಾದನೆಯೂ ನಿಂತಿತು. ಅದಕ್ಕೆ ಸುಂಕವನ್ನೇ ರದ್ದು ಮಾಡಿ ಆಸ್ತಿ, ಆದಾಯದ ಮೇಲೆ ತೆರಿಗೆ ಹಾಕಿದ. ಆ ತೆರಿಗೆಯಿಂದ ಖರ್ಚು ತೂಗಲಿಲ್ಲ. ವರ್ಷ ತುಂಬುವ ಮೊದಲೇ ಸುಂಕ ಮರಳಿತು. ಮಾವೊರಿಗಳಿಂದ ನೇರ ಭೂಮಿ ಕೊಳ್ಳಲು ಎಕರೆಗೆ ಹತ್ತು ಷಿಲಿಂಗ್ ಶುಲ್ಕವೆಂದವನು ಏಳು ತಿಂಗಳಲ್ಲಿ ಅದನ್ನು ಒಂದು ಪೆನ್ನಿಗೆ ಇಳಿಸಿದ. ಒಂದೊಂದು ಕ್ರಮಕ್ಕೂ ಕಾರಣವಿತ್ತು, ಆದರೆ ಹಿಂದಿನದರ ಫಲ ಕಾಣುವ ಮೊದಲೇ ಮುಂದಿನದು ಬರುತ್ತಿತ್ತು. ಅತ್ತ ಮಾವೊರಿ ನಾಯಕ ಹೋನೆ ಹೆಕೆಯ ಕಡೆಯವರು ಕೊರೊರಾರೆಕಾದ ಬ್ರಿಟಿಷ್ ಧ್ವಜಸ್ತಂಭವನ್ನು ಕಡಿಯುತ್ತ ಹೋದರು: 1844ರ ಜುಲೈನಲ್ಲಿ ಒಮ್ಮೆ, 1845ರ ಜನವರಿಯಲ್ಲಿ ಎರಡು ಸಲ. ಬುಡಕ್ಕೆ ಕಬ್ಬಿಣ ಹೊದಿಸಿದರು. ಮಾರ್ಚ್ 11ಕ್ಕೆ ನಾಲ್ಕನೇ ಸಲ ಕಂಬ ಉರುಳಿ ಊರೇ ಸುಟ್ಟಿತು. ನವೆಂಬರ್‌ನಲ್ಲಿ ಜಾರ್ಜ್ ಗ್ರೇ ಅವನ ಜಾಗಕ್ಕೆ ಬಂದ. ಫಿಟ್ಜ್‌ರಾಯ್‌ಗೆ ಸಿಗದ ಹಣವೂ ಪಡೆಯೂ ಗ್ರೇಗೆ ಸಿಕ್ಕವು.

1854ರಲ್ಲಿ ವ್ಯಾಪಾರ ಮಂಡಳಿಯ ಹೊಸ ಹವಾಮಾನ ಕಚೇರಿ ಅವನ ಪಾಲಿಗೆ ಬಂತು. ನಮ್ಮ ಪ್ರಯೋಗದ ಕೋಣೆಗೆ ಅವನು ಬಂದದ್ದೂ ಈ ದಾರಿಯಿಂದ. ಕೆಲಸ ಹಡಗುಗಳಿಗೆ ಯಂತ್ರ ಕೊಟ್ಟು ಅಂಕಿ ಕಲೆಹಾಕುವುದಷ್ಟೇ. ಆದರೆ 1859ರ ಅಕ್ಟೋಬರ್‌ನಲ್ಲಿ ಆಂಗ್ಲೆಸಿ ಕರಾವಳಿಯಲ್ಲಿ ರಾಯಲ್ ಚಾರ್ಟರ್ ಹಡಗು ಒಡೆದು 450ಕ್ಕೂ ಹೆಚ್ಚು ಜನ ಸತ್ತ ಮೇಲೆ ಅವನು ತಂತಿಯ ಮೂಲಕ ಎಚ್ಚರಿಕೆ ಕೊಡುವ ಏರ್ಪಾಡಿಗೆ ಹೊರಟ. ಬೆಳಿಗ್ಗೆ ಕರಾವಳಿ ಠಾಣೆಗಳಲ್ಲಿ ಓದಿದ ಒತ್ತಡ, ಉಷ್ಣತೆ, ಗಾಳಿಯ ದಿಕ್ಕು, ಬಲ ಹತ್ತು ಗಂಟೆಗೆ ಲಂಡನ್ ಮುಟ್ಟಬೇಕು. ಮೊದಲು ತಿದ್ದುಪಡಿ: ಯಂತ್ರದ ದೋಷ, ಉಷ್ಣತೆ, ಎತ್ತರ. ನೂರು ಅಡಿ ಎತ್ತರದ ಠಾಣೆಯಲ್ಲಿ ಪಾದರಸ ಸುಮಾರು ಅಂಗುಲದ ಹತ್ತನೇ ಒಂದು ಪಾಲು ಕೆಳಗಿರುತ್ತದೆ. ತಿದ್ದದಿದ್ದರೆ ಇಲ್ಲದ ಬಿರುಗಾಳಿ ನಕಾಶೆಯಲ್ಲಿ ಹುಟ್ಟುತ್ತದೆ. ಹನ್ನೊಂದಕ್ಕೆ ಅಭಿಪ್ರಾಯ ಸಿದ್ಧ. 1861ರ ಫೆಬ್ರವರಿಯಲ್ಲಿ ಮೊದಲ ಬಿರುಗಾಳಿ ಎಚ್ಚರಿಕೆ, ಆಗಸ್ಟ್ 1ರಂದು ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಮುನ್ಸೂಚನೆ. ಇದು ಭವಿಷ್ಯವಾಣಿ ಅಲ್ಲ, ಲೆಕ್ಕದಿಂದ ಬಂದ ಅಭಿಪ್ರಾಯ ಎಂದು ಅವನೇ ಒತ್ತಿ ಹೇಳಿದ, ಓದುಗರು ಕೇಳಿಸಿಕೊಂಡಂತಿಲ್ಲ.

ಬಂದರಿನ ಕಂಬಕ್ಕೆ ಕಪ್ಪು ಕ್ಯಾನ್‌ವಾಸಿನ ಶಂಕು, ಪೀಪಾಯಿ ಏರಿಸುವುದು ಅವನ ಏರ್ಪಾಡು. ತುದಿ ಮೇಲಾದ ಶಂಕು ಉತ್ತರದ ಬಿರುಗಾಳಿಗೆ, ಕೆಳಗಾದರೆ ದಕ್ಷಿಣದ್ದಕ್ಕೆ. ಪೀಪಾಯಿ ಎಂದರೆ ದಿಕ್ಕು ಬದಲಿಸುತ್ತ ಬರುವ ಗಾಳಿ. ರಾತ್ರಿ ಅದೇ ಆಕಾರಕ್ಕೆ ಲಾಟೀನು: ಶಂಕುವಿಗೆ ಮೂರು, ಪೀಪಾಯಿಗೆ ನಾಲ್ಕು. ಮೀನುಗಾರರ ಊರುಗಳಲ್ಲಿ ದೊಡ್ಡ ಅಕ್ಷರದ ಗೋಡೆ ವಾಯುಭಾರಮಾಪಕಗಳೂ ಬಂದವು. ಪಾದರಸ ಎಲ್ಲಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಇಳಿಯುತ್ತಿದೆ ಅನ್ನುವುದು ಮುಖ್ಯ ಎಂಬುದು ಅವನ ಸೂತ್ರ. ನಮ್ಮ ಕರಾವಳಿಯಲ್ಲಿ ಇದನ್ನು ಕಣ್ಣುಮುಚ್ಚಿ ಅನ್ವಯಿಸಬೇಡಿ ಎಂದು ಮೇಷ್ಟ್ರು ಎಚ್ಚರಿಸುತ್ತಿದ್ದರು. ಇಲ್ಲಿ ದಿನಕ್ಕೆ ಎರಡು ಸಲ ಪಾದರಸ ತಾನಾಗಿ ಏರಿಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಏರಿದ್ದು ಸಂಜೆ ನಾಲ್ಕಕ್ಕೆ ಇಳಿದರೆ ಅದು ಗಾಳಿಯ ಸುಳಿವಲ್ಲ. ಅವನು ನಂಬಿದ್ದ 'ಬಿರುಗಾಳಿ ಗಾಜು' ಮಾತ್ರ ಸೋತ ಯಂತ್ರ. ಕರ್ಪೂರ, ಪೆಟ್ಲುಪ್ಪು, ನವಸಾಗರಗಳನ್ನು ಮದ್ಯಸಾರ ಬೆರೆಸಿದ ನೀರಿನಲ್ಲಿ ಕರಗಿಸಿ ಮುಚ್ಚಿದ ನಳಿಕೆ ಅದು. ಹರಳು ಕಟ್ಟುವುದು ಹೆಚ್ಚಾಗಿ ಉಷ್ಣತೆಯಿಂದ.

ಬಿರುಗಾಳಿ ಬರುವುದು ಅಟ್ಲಾಂಟಿಕ್ ಕಡೆಯಿಂದ, ಐರ್ಲೆಂಡಿನಾಚೆ ಠಾಣೆಯಿಲ್ಲ. ಹಾಗಾಗಿ ಎಚ್ಚರಿಕೆ ತಡವಾಗುತ್ತಿತ್ತು, ಕೆಲವು ಹುಸಿಯಾಗುತ್ತಿದ್ದವು. ಪತ್ರಿಕೆಗಳು ಗೇಲಿ ಮಾಡಿದವು. ಶಂಕು ಕಂಡು ದೋಣಿ ಇಳಿಸದ ದಿನ ನಷ್ಟವೆಂದು ದೋಣಿ ಮಾಲೀಕರು ಗೊಣಗಿದರು. ಕಿವಿ ಮಂದವಾಗಿ, ಮನಸ್ಸು ಕುಸಿದು, 1865ರ ಏಪ್ರಿಲ್ 30ರ ಭಾನುವಾರ ಅಪ್ಪರ್ ನಾರ್ವುಡ್‌ನ ಮನೆಯಲ್ಲಿ ಕ್ಷೌರದ ಕತ್ತಿಯಿಂದ ಕತ್ತು ಕೊಯ್ದುಕೊಂಡ, ಸೋದರಮಾವನಂತೆಯೇ. ಆಸ್ತಿಯೆಲ್ಲ ಸಾರ್ವಜನಿಕ ಕೆಲಸಕ್ಕೆ ಕರಗಿತ್ತು. ಕುಟುಂಬಕ್ಕಾಗಿ ಎತ್ತಿದ ನಿಧಿಗೆ ಡಾರ್ವಿನ್ 100 ಪೌಂಡ್ ಕೊಟ್ಟ.

1866ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದ್ದ ಸಮಿತಿ ದಿನದ ಮುನ್ಸೂಚನೆಗೆ ವೈಜ್ಞಾನಿಕ ತಳಹದಿ ಸಾಲದು ಎಂದಿತು. ಮುನ್ಸೂಚನೆಯ ಜೊತೆ ಬಿರುಗಾಳಿ ಎಚ್ಚರಿಕೆಯೂ ನಿಂತಿತು. ಪತ್ರಿಕೆಗೆ ಮುನ್ಸೂಚನೆ ಮರಳಲು 1879 ಆಗಬೇಕಾಯಿತು. ಬಂದರಿನವರು ಅಷ್ಟು ಕಾಯಲಿಲ್ಲ. ಅವರು ದೂರು ಬರೆದೂ ಬರೆದೂ 1867ರಲ್ಲೇ ಶಂಕುವನ್ನು ಮತ್ತೆ ಕಂಬಕ್ಕೆ ಏರಿಸಿಕೊಂಡರು.